ಸೂಚ್ಯಂಕಕ್ಕೆ ಕಾಣದ ಮಗ್ಗ

ಕೈಗಾರಿಕೋತ್ಪಾದನೆ ಏರಿತೆಂದೋ ಇಳಿಯಿತೆಂದೋ ತಿಂಗಳಿಗೊಮ್ಮೆ ಪತ್ರಿಕೆಗಳಲ್ಲಿ ಓದುತ್ತೇವೆ. ಆ ಅಂಕಿ ಯಾರ ದುಡಿಮೆಯನ್ನು ಎಣಿಸಿದೆಯೆಂದು ಕೇಳುವವರು ವಿರಳ.

2011-12ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಸೂಚ್ಯಂಕದಲ್ಲಿ ನೂರಕ್ಕೆ ಸುಮಾರು 78 ಪಾಲು ತೂಕ ತಯಾರಿಕೆಗೆ ಸಂದಿತ್ತು. ಉಳಿದುದು ಗಣಿಗೂ ವಿದ್ಯುತ್ತಿಗೂ. ತಯಾರಿಕೆಯ ಲೆಕ್ಕ ಬರುವುದು ನೋಂದಾಯಿತ ಕಾರ್ಖಾನೆಗಳಿಂದ. 1959ರಿಂದ ನಡೆದುಬಂದ ವಾರ್ಷಿಕ ಕೈಗಾರಿಕಾ ಸಮೀಕ್ಷೆಗೂ 1948ರ ಕಾರ್ಖಾನೆ ಕಾಯಿದೆ ಎಳೆದ ಗೆರೆಯೇ ಬುನಾದಿಯಾಗಿತ್ತು: ವಿದ್ಯುತ್ ಬಳಸಿದರೆ ಹತ್ತು ಆಳು, ಬಳಸದಿದ್ದರೆ ಇಪ್ಪತ್ತು.

2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಜವಳಿಯದು 13ನೆಯ ವಿಭಾಗ. ಗಿರಣಿಯ ಬಟ್ಟೆಯೂ ಇಳಕಲ್ಲಿನ ನೇಕಾರರು ಮನೆಯಲ್ಲಿ ನೇಯ್ದ ಸೀರೆಯೂ ಅಲ್ಲಿಗೇ ಸೇರುತ್ತವೆ. ಭೇದವಿರುವುದು ವರ್ಗೀಕರಣದಲ್ಲಲ್ಲ, ಸಂಗ್ರಹಣೆಯಲ್ಲಿ. ನೇಕಾರರ ಮನೆಗಳಿಗೆ ಬೇರೊಂದು ಮಾದರಿ ಸಮೀಕ್ಷೆ ಹೋಗುತ್ತದೆ, ನಿಜ. ಅದರ ಫಲ ತಿಂಗಳ ಸೂಚ್ಯಂಕಕ್ಕೆ ಸೇರದು.

ಲೆಕ್ಕಪುಸ್ತಕವಿಲ್ಲದ ಮನೆಮನೆಯಿಂದ ತಿಂಗಳು ತಿಂಗಳೂ ಅಂಕಿ ತರುವುದು ಸುಲಭವಲ್ಲವೆಂದು ನಾನೂ ಒಪ್ಪುತ್ತೇನೆ. ಹಾಗಿದ್ದಲ್ಲಿ, ಇದು ಕಾರ್ಖಾನೆಗಳ ಲೆಕ್ಕವೆಂಬ ಮಾತು ಸೂಚ್ಯಂಕದ ಮಗ್ಗುಲಲ್ಲೇ ಪ್ರತಿ ಸಲವೂ ಸ್ಪಷ್ಟವಾಗಿ ಅಚ್ಚಾಗಬೇಕೆಂಬುದು ನನ್ನ ಅಭಿಪ್ರಾಯ. ಮಗ್ಗ ನಿಂತ ತಿಂಗಳಲ್ಲೂ ಅಂಕಿ ಏರಬಹುದು. ಆಗ ನೇಕಾರರ ಕಷ್ಟ ಸುಳ್ಳೆಂದು ಯಾರೂ ತೀರ್ಮಾನಿಸದಿರಲಿ.