ನೆರೆಮನೆಯ ಕಡೆ ನೋಡಿಸುವ ಮೂರು ಕಾದಂಬರಿಗಳು



ಕಾಲೇಜು ಮುಗಿದ ಮೇಲೆ ಇಂಗ್ಲಿಷ್ ಕಾದಂಬರಿಯೊಂದನ್ನು ಕೈಗೆತ್ತಿಕೊಂಡು ಎಷ್ಟು ವರ್ಷಗಳಾದವು? ಮನೆ, ಮಕ್ಕಳು, ಅಡುಗೆಯ ನಡುವೆ ಬಿಡುವೆಲ್ಲಿ ಎಂದು ನೀವು ಕೇಳಬಹುದು. ದಪ್ಪ ಪುಸ್ತಕ ಕಂಡರೇ ಹೆದರಿಕೆ ಎನ್ನಲೂಬಹುದು. ಅದಕ್ಕಾಗಿಯೇ ಈ ತಿಂಗಳು ಸ್ಪ್ಯಾನಿಷ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಮೂರು ಕಾದಂಬರಿಗಳನ್ನು ಆರಿಸಿದ್ದೇನೆ. ಎರಡು ತೆಳ್ಳಗಿನವು. ಮೂರನೆಯದು ದಪ್ಪ, ಆದರೆ ಅದರಲ್ಲಿ ಸದ್ಯಕ್ಕೆ ಎರಡು ಅಧ್ಯಾಯ ಓದಿದರೆ ಸಾಕು. ಮೂರರಲ್ಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವಿಷಯ: ನೆರೆಮನೆ.

ಮೊದಲನೆಯದು ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್‌ರ 'ನೋ ಒನ್ ರೈಟ್ಸ್ ಟು ದ ಕರ್ನಲ್'. 1961ರಲ್ಲಿ ಪುಸ್ತಕವಾಗಿ ಬಂತು. ಜೆ. ಎಸ್. ಬರ್ನ್‌ಸ್ಟೀನ್ 1968ರಲ್ಲಿ ಇಂಗ್ಲಿಷಿಗೆ ತಂದರು. ವೃದ್ಧ ಕರ್ನಲ್ ಹದಿನೈದು ವರ್ಷಗಳಿಂದ ಪಿಂಚಣಿಯ ಪತ್ರಕ್ಕಾಗಿ ಕಾಯುತ್ತಿದ್ದಾನೆ. ಪ್ರತಿ ಶುಕ್ರವಾರ ಅಂಚೆ ತರುವ ದೋಣಿಯ ಬಳಿ ಹೋಗಿ ಬರಿಗೈಯಲ್ಲಿ ಮರಳುತ್ತಾನೆ. ಇದ್ದೊಬ್ಬ ಮಗ ಸರಕಾರಕ್ಕೆ ವಿರುದ್ಧವಾದ ಗುಪ್ತ ಪತ್ರಗಳನ್ನು ಹಂಚಿದ್ದಕ್ಕೆ ಕೊಲೆಯಾಗಿದ್ದಾನೆ. ಅವನು ಬಿಟ್ಟುಹೋದದ್ದು ಅಂಕದ ಕೋಳಿಯೊಂದನ್ನು. ಅವನ ಹೊಲಿಗೆ ಯಂತ್ರ ಮಾರಿ ಬಂದ ಹಣವೂ ಮುಗಿಯುತ್ತಿದೆ. ಉಬ್ಬಸದಿಂದ ನರಳುವ ಹೆಂಡತಿ ಕೋಳಿಯನ್ನು ಮಾರೋಣ ಎನ್ನುತ್ತಾಳೆ.

ಆ ಹೆಂಡತಿ ಒಂದು ದಿನ ಹೇಳುವ ಮಾತನ್ನು ನೀವು ಮರೆಯಲಾರಿರಿ. ಮನೆಯಲ್ಲಿ ಅಡುಗೆಯಿಲ್ಲ ಎಂದು ನೆರೆಯವರಿಗೆ ತಿಳಿಯದಿರಲಿ ಎಂದು ಆಕೆ ಎಷ್ಟೋ ಸಲ ಪಾತ್ರೆಯಲ್ಲಿ ಕಲ್ಲು ಹಾಕಿ ಕುದಿಸಿದ್ದಾಳಂತೆ. ಖಲೀಫಾ ಉಮರ್‌ರ ಕಥೆ ಕೇಳಿ ಬೆಳೆದ ನಮಗೆ ಈ ಪಾತ್ರೆ ಹೊಸದಲ್ಲ. ಆದರೆ ಆ ಕಥೆಯ ತಾಯಿ ಖಾಲಿ ಪಾತ್ರೆ ಕುದಿಸಿದ್ದು ಹಸಿದ ಮಕ್ಕಳನ್ನು ಸಮಾಧಾನಪಡಿಸಲು. ಈಕೆ ಕುದಿಸುವುದು ಮಾನ ಉಳಿಸಿಕೊಳ್ಳಲು. ಪಕ್ಕದ ಮನೆಯ ಒಲೆಯಲ್ಲಿ ಹೊಗೆ ಎದ್ದರೆ ಅಲ್ಲಿ ಎಲ್ಲವೂ ಸರಿಯಾಗಿದೆ ಎಂದುಕೊಳ್ಳುತ್ತೇವಲ್ಲ, ಅಷ್ಟು ಸಾಲದು ಎನ್ನುತ್ತದೆ ಈ ಪುಸ್ತಕ.

ಎರಡನೆಯದು ಅದೇ ಲೇಖಕರ 'ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್'. 1981ರಲ್ಲಿ ಪ್ರಕಟವಾಯಿತು. ಅನುವಾದ ಗ್ರೆಗರಿ ರಬಾಸ್ಸಾ ಅವರದು. ಕೊಲಂಬಿಯಾದಲ್ಲಿ 1951ರಲ್ಲಿ ನಡೆದ ನಿಜವಾದ ಕೊಲೆಯೊಂದು ಇದಕ್ಕೆ ಆಧಾರ. ಮದುವೆಯ ರಾತ್ರಿಯೇ ಮದುಮಗಳನ್ನು ಕನ್ಯೆಯಲ್ಲವೆಂದು ತವರಿಗೆ ಮರಳಿಸಲಾಗುತ್ತದೆ. ತಾಯಿ ಬಡಿಯುತ್ತಾಳೆ. ಅಣ್ಣಂದಿರು ಹೆಸರು ಕೇಳುತ್ತಾರೆ. ಅವಳು ಒಂದು ಹೆಸರು ಹೇಳುತ್ತಾಳೆ: ಸಾಂತಿಯಾಗೊ ನಸಾರ್, ಅರಬ್ ವಲಸಿಗನ ಮಗ. ಅದು ನಿಜವೋ ಸುಳ್ಳೋ ಎಂದು ಯಾರೂ ವಿಚಾರಿಸುವುದಿಲ್ಲ. ಪುಸ್ತಕ ಮುಗಿದರೂ ಅದು ಇತ್ಯರ್ಥವಾಗುವುದಿಲ್ಲ.

ಅವಳಿ ಅಣ್ಣಂದಿರು ಮಾರುಕಟ್ಟೆಯಲ್ಲಿ ಎಲ್ಲರ ಎದುರೇ ಚಾಕು ಮಸೆಯುತ್ತಾರೆ. ಕೊಲ್ಲುತ್ತೇವೆಂದು ಕಂಡಕಂಡವರಿಗೆಲ್ಲ ಹೇಳುತ್ತಾರೆ. ಯಾರಾದರೂ ತಡೆಯಲಿ ಎಂದೇ ಹೇಳುತ್ತಿದ್ದಾರೇನೋ ಎನಿಸುತ್ತದೆ. ಕುಡಿದವರ ಮಾತು ಎನ್ನುತ್ತಾರೆ ಕೆಲವರು. ಅವನಿಗೆ ಈಗಾಗಲೇ ತಿಳಿದಿರಬಹುದು ಎನ್ನುತ್ತಾರೆ ಇನ್ನು ಕೆಲವರು. ಪಾದ್ರಿಗೆ ಸುದ್ದಿ ಮುಟ್ಟಿಯೂ ಬಿಷಪ್ ಬರುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಹಾಲಿನಂಗಡಿಯ ಕ್ಲೊತಿಲ್ದೆ ಅರ್ಮೆಂತಾ ಎಂಬಾಕೆ ತಡೆಯಲು ಹೆಣಗುತ್ತಾಳೆ. ಕೊನೆಗೆ ಮಗ ಒಳಗೇ ಇದ್ದಾನೆಂದು ತಿಳಿದು ಅವನ ತಾಯಿಯೇ ಬಾಗಿಲ ಚಿಲಕ ಹಾಕುತ್ತಾಳೆ. ಅವನಿನ್ನೂ ಹೊರಗಿದ್ದ. ಕೊಂದವರು ಇಬ್ಬರು, ಸುಮ್ಮನಿದ್ದವರು ಇಡೀ ಊರಿನವರು. 'ಮಾನ'ದ ಹೆಸರಿನಲ್ಲಿ ನಮ್ಮ ದೇಶದಲ್ಲೂ ಹೆಣ್ಣುಮಕ್ಕಳ, ಹುಡುಗರ ಜೀವ ಹೋಗುತ್ತಿದೆ. ಹಾಗಾಗಿ ಇದು ದೂರದ ಕಥೆಯಲ್ಲ. ಒಂದು ಎಚ್ಚರಿಕೆ: ಇದರಲ್ಲಿ ಮದ್ಯಪಾನ, ವೇಶ್ಯಾಗೃಹದ ಪ್ರಸ್ತಾಪಗಳಿವೆ. ಮಕ್ಕಳ ಕೈಗೆ ಕೊಡುವ ಮೊದಲು ನೀವು ಓದಿ.

ಮೂರನೆಯದು ಸರ್ವಾಂಟಿಸ್‌ನ 'ಡಾನ್ ಕ್ವಿಕ್ಸೋಟ್'. ಮೊದಲ ಭಾಗ 1605ರಲ್ಲಿ, ಎರಡನೆಯದು 1615ರಲ್ಲಿ ಬಂತು. ಈಡಿತ್ ಗ್ರಾಸ್‌ಮನ್‌ರ 2003ರ ಅನುವಾದ ಓದಲು ಸುಲಭ. ಸರ್ವಾಂಟಿಸ್ 1575ರಿಂದ 1580ರವರೆಗೆ ಅಲ್ಜಿಯರ್ಸ್‌ನಲ್ಲಿ ಸೆರೆಯಲ್ಲಿದ್ದವನು. ಮೊದಲ ಭಾಗದ 9ನೆಯ ಅಧ್ಯಾಯ ತೆರೆಯಿರಿ. ಈ ಕಥೆಯ ಮೂಲ ಅರಬಿ ಹಸ್ತಪ್ರತಿ, ಟೊಲೆಡೊದ ಪೇಟೆಯಲ್ಲಿ ಸಿಕ್ಕಿತು, ಮೊರಿಸ್ಕೊ ಒಬ್ಬ ಒಣದ್ರಾಕ್ಷಿ ಮತ್ತು ಗೋಧಿಯ ಕೂಲಿಗೆ ಅನುವಾದಿಸಿಕೊಟ್ಟ ಎಂದು ಲೇಖಕ ತಮಾಷೆಯಾಗಿ ಕಲ್ಪಿಸುತ್ತಾನೆ. ಮೊರಿಸ್ಕೊ ಎಂದರೆ ಸ್ಪೇನಿನಲ್ಲಿ ಕ್ರೈಸ್ತ ಧರ್ಮಕ್ಕೆ ಬಲವಂತದಿಂದ ಸೇರಿಸಲ್ಪಟ್ಟ ಮುಸ್ಲಿಮರು ಮತ್ತು ಅವರ ಸಂತತಿ. ಅರಬರು ಸುಳ್ಳುಗಾರರೆಂಬ ಚುಚ್ಚುಮಾತೂ ಅಲ್ಲಿದೆ, ಓದುವಾಗ ನೋವಾಗುತ್ತದೆ.

1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ಸ್ಪೇನಿನಿಂದ ಹೊರಹಾಕಲಾಯಿತು. ಎರಡನೆಯ ಭಾಗದ 54ನೆಯ ಅಧ್ಯಾಯದಲ್ಲಿ ಸಾಂಚೊ ಪಾಂಜಾಗೆ ದಾರಿಯಲ್ಲಿ ಯಾತ್ರಿಕನ ವೇಷದವನೊಬ್ಬ ಸಿಗುತ್ತಾನೆ. ಅವನು ಸಾಂಚೊನ ಊರಿನ ಅಂಗಡಿಯ ರಿಕೊತೆ, ಗಡೀಪಾರಾದ ಮೊರಿಸ್ಕೊ. ಹೂತಿಟ್ಟ ಹಣ ತೆಗೆಯಲು ಕದ್ದು ಬಂದಿದ್ದಾನೆ. ಇಬ್ಬರೂ ಕೂತು ಉಣ್ಣುತ್ತಾರೆ. ಊರು ಬಿಟ್ಟ ಸಂಕಟವನ್ನು ರಿಕೊತೆ ಹೇಳಿಕೊಳ್ಳುತ್ತಾನೆ, ಆದರೂ ರಾಜನ ಆಜ್ಞೆಯೇ ಸರಿ ಎಂದೂ ಅವನ ಬಾಯಿಂದ ಬರುತ್ತದೆ. ಹಣ ತೆಗೆಯಲು ನೆರವಾದರೆ ಇನ್ನೂರು ಎಸ್ಕುಡೊ ಕೊಡುತ್ತೇನೆ ಎನ್ನುತ್ತಾನೆ. ರಾಜದ್ರೋಹವಾದೀತೆಂದು ಸಾಂಚೊ ಒಪ್ಪುವುದಿಲ್ಲ. ಆದರೆ ನಿನ್ನನ್ನು ಹಿಡಿದುಕೊಡುವುದೂ ಇಲ್ಲ ಎನ್ನುತ್ತಾನೆ. ಅಪ್ಪಿಕೊಂಡು ಬೀಳ್ಕೊಡುತ್ತಾರೆ.

ನೋಡಿ, ಒಂದೂರಿನ ಮೌನ ಒಬ್ಬನನ್ನು ಕೊಂದಿತು. ಸಾಂಚೊನ ಮೌನ ಒಬ್ಬನನ್ನು ಉಳಿಸಿತು. ಕರ್ನಲ್‌ನ ಹೆಂಡತಿಯ ಮೌನದ ಹಿಂದೆ ಹಸಿವಿತ್ತು. ಯಾವ ಸುದ್ದಿಯನ್ನು ಓಡಿಹೋಗಿ ಬಾಗಿಲು ತಟ್ಟಿ ಹೇಳಬೇಕು, ಯಾವುದನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು, ಹೇಳದೆಯೇ ಯಾವುದನ್ನು ಅರಿತುಕೊಳ್ಳಬೇಕು ಎಂಬ ವಿವೇಕ ಮನೆ ನಡೆಸುವ ನಮಗೆ ದಿನವೂ ಬೇಕಾದದ್ದು.

ಕರ್ನಲ್‌ನಿಂದ ಆರಂಭಿಸಿ. ದಿನಕ್ಕೆ ಹತ್ತು ಪುಟ ಓದಿದರೂ ಸಾಕು. ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಘಂಟು ತೆರೆಯಬೇಡಿ, ಮುಂದೆ ಹೋಗಿ, ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಓದಿ ಮುಗಿಸಿದ ಮೇಲೆ ಪುಸ್ತಕವನ್ನು ಪಕ್ಕದ ಮನೆಯಾಕೆಗೆ ಕೊಟ್ಟು ಬನ್ನಿ. ಹೋದವರು ಹೊಸ್ತಿಲಲ್ಲೇ ನಿಲ್ಲದೆ ಐದು ನಿಮಿಷ ಒಳಗೆ ಕೂತು ಮಾತಾಡಿ.