ಸಾರಿಗೆ ಮುಷ್ಕರ: ಗಡುವು ಮೊದಲೇ ಗೊತ್ತು, ಹಣದ ಮಾತು ಕಡೆಗೆ

ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ನೌಕರರು 2025ರ ಆಗಸ್ಟ್ 5ರಂದು ಹೂಡಿದ ಅನಿರ್ದಿಷ್ಟಾವಧಿ ಮುಷ್ಕರ ಒಂದೇ ದಿನದಲ್ಲಿ ಮುಗಿಯಿತು. ಮುಷ್ಕರವನ್ನು ತಡೆಹಿಡಿಯುವಂತೆ ಹಿಂದಿನ ದಿನವೇ ಆದೇಶಿಸಿದ್ದ ಹೈಕೋರ್ಟ್, ಆದೇಶ ಮೀರಿದ್ದಕ್ಕೆ ಅಸಮಾಧಾನ ವ್ಯಕ್ತಪಡಿಸಿದ ಮೇಲೆ ನೌಕರರ ಸಂಘಟನೆಗಳ ಜಂಟಿ ಕ್ರಿಯಾ ಸಮಿತಿ ಹಿಂದೆ ಸರಿಯಿತು. ಅಂದು ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸುಗಳು ಬಹುಮಟ್ಟಿಗೆ ಓಡಿದವು. ಪೆಟ್ಟು ಬಿದ್ದದ್ದು ಜಿಲ್ಲೆಗಳಿಗೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಆಗ ಉಳಿದಿದ್ದುದು ಮೂರೇ ದಿನ.

ಒಂದು ದಿನದ ತೊಂದರೆ ಎಂದು ಇದನ್ನು ಮರೆಯುವುದು ಸುಲಭ. ಆದರೆ 2016ರ ಜುಲೈನಲ್ಲಿ ಮೂರು ದಿನ, 2020ರ ಡಿಸೆಂಬರ್‌ನಲ್ಲಿ ನಾಲ್ಕು ದಿನ, 2021ರ ಏಪ್ರಿಲ್‌ನಲ್ಲಿ 15 ದಿನ ಬಸ್ಸುಗಳು ನಿಂತಿದ್ದವು. ಸಾರಿಗೆ ನೌಕರರ ವೇತನ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕೆಂಬುದು ನಡೆದುಬಂದ ಪದ್ಧತಿ. ಹಾಗಾಗಿ ಮುಂದಿನ ಪರಿಷ್ಕರಣೆ ಯಾವ ವರ್ಷ ಬರುತ್ತದೆಂಬುದು ಸರ್ಕಾರಕ್ಕೂ ನಿಗಮಗಳಿಗೂ ಮೊದಲೇ ಗೊತ್ತು. ಗೊತ್ತಿದ್ದೂ ಅದಕ್ಕೆ ಹಣ ಹೊಂದಿಸದಿರುವುದೇ ಈ ಮುಷ್ಕರಗಳ ಮೂಲ. ಅದರ ಬೆಲೆಯನ್ನು ಮಾತುಕತೆಯ ಮೇಜಿನ ಬಳಿಗೂ ಬಾರದ ಪ್ರಯಾಣಿಕ ತೆರುತ್ತಾನೆ.

ಬೀರೂರಿನ ಆಸರೆ ಯಾರಿಗೆ?

ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನೇ ಉದಾಹರಣೆಯಾಗಿ ನೋಡಬಹುದು. ಮೇಲ್ನೋಟಕ್ಕೆ ಇವು ಅದೃಷ್ಟವಂತ ತಾಲ್ಲೂಕುಗಳು. ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುತ್ತದೆ. ಬೀರೂರಿನಲ್ಲಿ ಕವಲೊಡೆಯುವ ಮಾರ್ಗ ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗ ಸೇರುತ್ತದೆ. ಕಡೂರು-ಚಿಕ್ಕಮಗಳೂರು ನಡುವೆ 2013ರಲ್ಲಿ ರೈಲು ಆರಂಭವಾಯಿತು. ಹೆದ್ದಾರಿಯಲ್ಲಿ ಖಾಸಗಿ ಬಸ್ಸುಗಳೂ ಇವೆ. ಮುಷ್ಕರದ ದಿನ ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗುವವರಿಗೆ ಹೇಗೋ ಒಂದು ದಾರಿ ಸಿಗುತ್ತದೆ.

ದಾರಿ ಸಿಗದಿರುವುದು ಅಡ್ಡದಾರಿಯವರಿಗೆ. ತರೀಕೆರೆಯಿಂದ ಅಜ್ಜಂಪುರಕ್ಕೆ ನೇರ ರೈಲು ಮಾರ್ಗವಿಲ್ಲ. ರೈಲನ್ನೇ ನಂಬಿದವರು ಬೀರೂರಿಗೆ ಬಂದು ಗಾಡಿ ಬದಲಿಸಬೇಕು. ತರೀಕೆರೆಯಿಂದ ಬೇರ್ಪಟ್ಟು ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾಗಿದ್ದರೂ ಉಪವಿಭಾಗಾಧಿಕಾರಿ ಕಚೇರಿ ಇರುವುದು ತರೀಕೆರೆಯಲ್ಲೇ. ಜಮೀನಿನ ತಕರಾರಿನ ವಿಚಾರಣೆಗೆ ಹೊರಟ ರೈತನಿಗೆ ಆ ದಿನ ತಪ್ಪಿದರೆ ಮುಂದಿನ ದಿನಾಂಕಕ್ಕೆ ಕಾಯುವುದೊಂದೇ ಉಳಿಯುತ್ತದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿ, ಯಗಟಿ, ಸಿಂಗಟಗೆರೆ ಕಡೆಯವರಿಗಾಗಲಿ, ತರೀಕೆರೆಯ ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯವರಿಗಾಗಲಿ ರೈಲಿನ ಮಾತೇ ಇಲ್ಲ. ಬೆಳಿಗ್ಗೆ ಕಾಲೇಜಿಗೆ ಬಿಟ್ಟು ಸಂಜೆ ಮರಳಿ ಕರೆತರುವ ಬಸ್ಸು ನಿಂತರೆ ಪಾಸು ಹಿಡಿದ ವಿದ್ಯಾರ್ಥಿ ಮನೆಯಲ್ಲೇ ಉಳಿಯುತ್ತಾನೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಬಳಿಕ ಇದಕ್ಕೆ ಇನ್ನೊಂದು ಮುಖ ಸೇರಿದೆ. ನಿಗಮದ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆಯುವ ಮಹಿಳೆ ಖಾಸಗಿ ಬಸ್ಸು ಹತ್ತಿದರೆ ಪೂರ್ಣ ದರ ತೆರಬೇಕು. ಆಟೊ ಹಿಡಿದರೆ ಅದಕ್ಕಿಂತ ಹೆಚ್ಚು. ದಿನಗೂಲಿಗೆ ಪಟ್ಟಣಕ್ಕೆ ಬರುವವಳಿಗೆ ಅಂದಿನ ಕೂಲಿಯ ಒಂದು ಭಾಗ ದಾರಿಗೇ ಹೋಗುತ್ತದೆ. ಬದಲಿ ವ್ಯವಸ್ಥೆಯಾಗಿ ಖಾಸಗಿ ವಾಹನಗಳಿಗೆ ಅವಕಾಶ ನೀಡಿದ್ದೇವೆ ಎಂದು ಸರ್ಕಾರಗಳು ಹೇಳುವಾಗ ಈ ಲೆಕ್ಕ ಅದರಲ್ಲಿ ಸೇರುವುದಿಲ್ಲ.

ಬೇಡಿಕೆಯ ಮೂರು ಎಳೆಗಳು

ಇಷ್ಟಾದ ಮೇಲೆ, ನೌಕರರು ಕೇಳುತ್ತಿರುವುದು ನ್ಯಾಯವೇ ಎಂಬ ಪ್ರಶ್ನೆ ಸಹಜ. ಉತ್ತರಿಸುವ ಮುನ್ನ ಬೇಡಿಕೆಯ ಮೂರು ಎಳೆಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಹಿಂಬಾಕಿ. 2020ರ ಜನವರಿ 1ರಿಂದ ಆಗಬೇಕಿದ್ದ ಪರಿಷ್ಕರಣೆ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. ಮೂಲವೇತನದಲ್ಲಿ ಶೇ 15ರಷ್ಟು ಹೆಚ್ಚಳವನ್ನು ಅಂದಿನ ಬಸವರಾಜ ಬೊಮ್ಮಾಯಿ ಸರ್ಕಾರ 2023ರ ಮಾರ್ಚ್ 1ರಿಂದ ಅನ್ವಯವಾಗುವಂತೆ ಘೋಷಿಸಿತು. ನಡುವಿನ 38 ತಿಂಗಳ ವ್ಯತ್ಯಾಸದ ಮೊತ್ತ ಸುಮಾರು 1,785 ಕೋಟಿ ರೂಪಾಯಿ ತಮಗೆ ಬರಬೇಕೆಂಬುದು ಸಂಘಟನೆಗಳ ಪಟ್ಟು. ಏಕಸದಸ್ಯ ಸಮಿತಿಯ ಶಿಫಾರಸಿನಂತೆ 14 ತಿಂಗಳ 718 ಕೋಟಿ ರೂಪಾಯಿ ಮಾತ್ರ ಕೊಡಲು ಸಿದ್ಧವೆಂದು 2025ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಹೇಳಿತು. ನೌಕರರ ಸಂಖ್ಯೆಯನ್ನು ಸುಮಾರು 1.15 ಲಕ್ಷವೆಂದು ಹಿಡಿದರೆ ಕೇಳಿದ ಮೊತ್ತ ತಲಾ ಸರಾಸರಿ ಒಂದೂವರೆ ಲಕ್ಷ ರೂಪಾಯಿಯಷ್ಟಾಗುತ್ತದೆ. ಚಾಲಕ, ನಿರ್ವಾಹಕರ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ.

ಎರಡನೆಯದು 2024ರ ಜನವರಿಯಿಂದ ಶೇ 25ರಷ್ಟು ಹೊಸ ಹೆಚ್ಚಳದ ಬೇಡಿಕೆ. ಹಿಂದಿನ ಹೆಚ್ಚಳ 2023ರಲ್ಲಿ ಜಾರಿಗೆ ಬಂದಿರುವುದರಿಂದ ಮುಂದಿನದು 2027ಕ್ಕೆ ಎಂಬುದು ಸರ್ಕಾರ ಆಗ ಮುಂದಿಟ್ಟ ವಾದ. ಇದನ್ನು ಒಪ್ಪಿದರೆ ಮೂರು ವರ್ಷದ ವಿಳಂಬವೇ ಹೊಸ ಆರಂಭದ ದಿನಾಂಕವಾಗಿಬಿಡುತ್ತದೆ. ಸರ್ಕಾರ ತಡಮಾಡಿದಷ್ಟೂ ಅದಕ್ಕೇ ಲಾಭ. ಈ ಅಂಶದಲ್ಲಿ ನೌಕರರ ವಾದ ಗಟ್ಟಿಯಾಗಿದೆ. ಆದರೆ ಶೇ 25 ಎಂಬುದು ಚೌಕಾಶಿಯ ಅಂಕಿ. 2016ರಲ್ಲಿ ಶೇ 35 ಕೇಳಿ, ಮೂರು ದಿನದ ಮುಷ್ಕರದ ಬಳಿಕ ಶೇ 12.5ಕ್ಕೆ ಒಪ್ಪಿದ್ದನ್ನು ಎರಡೂ ಕಡೆಯವರು ಬಲ್ಲರು.

ಮೂರನೆಯದು ಸಮಾನತೆಯ ಪ್ರಶ್ನೆ. 2020ರ ಮುಷ್ಕರ ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂದು ಕೇಳಿತ್ತು. 2021ರದು ಆರನೇ ವೇತನ ಆಯೋಗದ ಮಾದರಿಯ ಸಂಬಳವನ್ನು ಕೇಳಿತ್ತು. ಯುಗಾದಿಯನ್ನೂ ನುಂಗಿದ ಆ 15 ದಿನಗಳ ಮುಷ್ಕರದಲ್ಲಿ ವಜಾ, ಅಮಾನತು, ವರ್ಗಾವಣೆಗಳಿಗೆ ಗುರಿಯಾದವರು ಸಾವಿರಾರು ಮಂದಿ. ರಾಜ್ಯ ಸರ್ಕಾರಿ ನೌಕರರಿಗೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶೇ 27.5 ಹೆಚ್ಚಳ ದೊರೆತಾಗ ಸಾರಿಗೆ ನೌಕರರ ಅಸಮಾಧಾನ ಇನ್ನಷ್ಟು ಬೆಳೆದದ್ದು ಆಶ್ಚರ್ಯವಲ್ಲ.

ಹಣ ಎಲ್ಲಿಂದ?

ಇನ್ನೊಂದು ಪಾಳಿಯ ಲೆಕ್ಕವೂ ಸುಳ್ಳಲ್ಲ. 2025ರ ಜನವರಿಯಲ್ಲಿ ದರ ಏರಿಸುವಾಗ ಸರ್ಕಾರ ನೀಡಿದ ಅಂಕಿಗಳ ಪ್ರಕಾರ ನಾಲ್ಕೂ ನಿಗಮಗಳ ಸಿಬ್ಬಂದಿ ವೆಚ್ಚ ದಿನಕ್ಕೆ 18.36 ಕೋಟಿ ರೂಪಾಯಿ, ಡೀಸೆಲ್ ವೆಚ್ಚ 13.21 ಕೋಟಿ ರೂಪಾಯಿ. ಅಂದರೆ ಕೇಳಿದ ಹಿಂಬಾಕಿಯು ಸುಮಾರು 97 ದಿನಗಳ ಸಿಬ್ಬಂದಿ ವೆಚ್ಚಕ್ಕೆ ಸಮ; ಕೊಡಲೊಪ್ಪಿದ್ದು 39 ದಿನಗಳಷ್ಟು. ಬಿಎಂಟಿಸಿ ಹೊರತಾಗಿ ಉಳಿದ ಮೂರು ನಿಗಮಗಳ ಪ್ರಯಾಣದರ 2020ರ ಫೆಬ್ರುವರಿಯ ಬಳಿಕ ಸುಮಾರು ಐದು ವರ್ಷ ಏರಲಿಲ್ಲ. ಕೊನೆಗೆ ಒಮ್ಮೆಲೇ ಶೇ 15 ಏರಿತು. ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲಬೇಕಾಯಿತು.

ಶಕ್ತಿ ಯೋಜನೆಯಿಂದ ನಿಗಮಗಳ ವರಮಾನದ ಸ್ವರೂಪವೂ ಬದಲಾಗಿದೆ. 2025ರ ಜುಲೈ 14ರ ವೇಳೆಗೆ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅಷ್ಟೂ ಟಿಕೆಟ್‌ಗಳ ಹಣ ಬರಬೇಕಾದ್ದು ಖಜಾನೆಯಿಂದ. ದರ ನಿಗದಿಗೆ ಒಪ್ಪಿಗೆ ನೀಡುವುದು ಸರ್ಕಾರ, ಉಚಿತ ಪ್ರಯಾಣದ ಹಣ ತುಂಬುವುದು ಸರ್ಕಾರ, ಸಾಲಕ್ಕೆ ಖಾತರಿಯೂ ಸರ್ಕಾರದ್ದೇ. ಸಂಬಳದ ಮಾತು ಬಂದಾಗ ಮಾತ್ರ ನಿಗಮಗಳು ಸ್ವಾಯತ್ತ ಸಂಸ್ಥೆಗಳು, ಅವುಗಳ ಬಳಿ ಹಣವಿಲ್ಲ ಎನ್ನುವುದು ಒಪ್ಪುವ ಮಾತಲ್ಲ.

ಕೊಪ್ಪದ ಪಾಠ

ಹಾಗೆಂದು ಮಾಲೀಕನ ಮನಸ್ಸೊಂದು ಬದಲಾದರೆ ಎಲ್ಲವೂ ಸರಿಹೋಗುತ್ತದೆ ಎನ್ನುವಂತಿಲ್ಲ. ಇದೇ ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು 1991ರಲ್ಲಿ ಆರು ಬಸ್ಸುಗಳನ್ನು ತಾವೇ ವಹಿಸಿಕೊಂಡು ಸಹಕಾರ ಸಾರಿಗೆ ಕಟ್ಟಿದರು. ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳಿಗೆ ಓಡಿದ ಆ ಸಂಸ್ಥೆ 70ಕ್ಕೂ ಹೆಚ್ಚು ಬಸ್ಸುಗಳಿಗೆ ಬೆಳೆಯಿತು. ಅಲ್ಲಿ ಸಂಬಳ ಪಡೆಯುವವನೂ ಕೊಡುವವನೂ ಒಬ್ಬನೇ. ಆದರೂ ಏರುತ್ತಿದ್ದ ವೆಚ್ಚಕ್ಕೆ ವರಮಾನ ಸಾಲದೆ 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಹಳ್ಳಿ ಮಾರ್ಗದ ಬಸ್ಸು ಟಿಕೆಟ್ ಹಣದಿಂದಷ್ಟೇ ಬದುಕಲಾರದು ಎಂಬುದು ಕೊಪ್ಪ ಕಲಿಸಿದ ಪಾಠ. ಪಂಚನಹಳ್ಳಿಗೂ ಲಕ್ಕವಳ್ಳಿಗೂ ಬಸ್ಸು ಬೇಕೆಂದರೆ ಅದರ ಚಾಲಕನ ಸಂಬಳದ ಒಂದು ಪಾಲನ್ನು ಸಮಾಜವೇ ಹೊರಬೇಕು.

ಆಗಬೇಕಾದ್ದೇನು?

ವೇತನ ಮಾತುಕತೆ ಗಡುವಿಗೆ ಒಂದು ವರ್ಷ ಮೊದಲೇ ಆರಂಭವಾಗಿ, ಅದರ ಅಂದಾಜು ಮೊತ್ತ ಬಜೆಟ್‌ನಲ್ಲಿ ಪ್ರತ್ಯೇಕವಾಗಿ ಕಾಣಿಸಬೇಕು. ಶಕ್ತಿ ಯೋಜನೆಯ ಹಣ ತಿಂಗಳು ತಿಂಗಳೂ ಪೂರ್ತಿ ಸಂದಾಯವಾಗಬೇಕು. ದರ ಪರಿಷ್ಕರಣೆ ಚುನಾವಣೆಯ ಲೆಕ್ಕಾಚಾರದಿಂದ ಹೊರಬಂದು ಸಣ್ಣ ಪ್ರಮಾಣದಲ್ಲಿ ನಿಯತವಾಗಿ ನಡೆಯಬೇಕು.

ನೌಕರರ ಸಂಘಟನೆಗಳಿಗೂ ಹೊಣೆಯಿದೆ. ಫ್ರಾನ್ಸ್‌ನಲ್ಲಿ 2007ರ ಕಾನೂನಿನ ಪ್ರಕಾರ ಸಾರ್ವಜನಿಕ ಸಾರಿಗೆ ನೌಕರ ಮುಷ್ಕರದಲ್ಲಿ ಭಾಗವಹಿಸುವುದನ್ನು 48 ಗಂಟೆ ಮೊದಲೇ ತಿಳಿಸಬೇಕು. ಯಾವ ಗಾಡಿ ಓಡುತ್ತದೆ, ಯಾವುದು ಇಲ್ಲ ಎಂದು ಪ್ರಯಾಣಿಕರಿಗೆ ಮುಂಚಿತವಾಗಿ ಹೇಳಲು ಇದರಿಂದ ಸಾಧ್ಯವಾಗುತ್ತದೆ. ನಮ್ಮಲ್ಲಿ ಆಗಸ್ಟ್ 4ರ ರಾತ್ರಿಯವರೆಗೂ ಮರುದಿನ ಬಸ್ಸು ಬರುವುದೋ ಇಲ್ಲವೋ ಎಂಬುದು ಖಚಿತವಿರಲಿಲ್ಲ. ರೈಲೂ ಖಾಸಗಿ ಬಸ್ಸೂ ಇಲ್ಲದ ಮಾರ್ಗಗಳಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸನ್ನಾದರೂ ಮುಷ್ಕರದಿಂದ ಹೊರಗಿಡಲು ಸಂಘಟನೆಗಳು ತಾವಾಗಿ ಒಪ್ಪಿದರೆ ಬೇಡಿಕೆಯ ಬಲ ಕುಂದದು. ಹಳ್ಳಿಯವರ ಸಹಾನುಭೂತಿ ಹೆಚ್ಚೀತು.

ಎಸ್ಮಾ ಜಾರಿಗೊಳಿಸಿ ಮುಷ್ಕರ ನಿಲ್ಲಿಸಬಹುದು, ನ್ಯಾಯಾಲಯದ ಆದೇಶದಿಂದ ಮುಂದೂಡಿಸಬಹುದು. ಅದರಿಂದ ಬಾಕಿಯ ಮೊತ್ತ ಒಂದು ರೂಪಾಯಿಯೂ ಇಳಿಯುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಖರ್ಚನ್ನು ಅನಿರೀಕ್ಷಿತ ವಿಪತ್ತಿನಂತೆ ಕಾಣುವ ಅಭ್ಯಾಸವನ್ನು ಸರ್ಕಾರಗಳು ಬಿಡುವವರೆಗೆ, ಯಗಟಿಯ ವಿದ್ಯಾರ್ಥಿಯೂ ಅಜ್ಜಂಪುರದ ರೈತನೂ ತಮ್ಮದಲ್ಲದ ಜಗಳಕ್ಕೆ ದಂಡ ತೆರುತ್ತಲೇ ಇರಬೇಕಾಗುತ್ತದೆ.