ಇಳಿಜಾರು ಶಾಪವಲ್ಲ

ಮಂಗಳೂರಿನ ಹೊರವಲಯದಲ್ಲಿ ಮನೆ ಕಟ್ಟಹೊರಟವರು ಮೊದಲು ಕರೆಸುವುದು ಜೆಸಿಬಿಯನ್ನು. ಗುಡ್ಡವನ್ನು ನೆಟ್ಟಗೆ ಕಡಿದು ನಿವೇಶನವನ್ನು ಸಮತಟ್ಟು ಮಾಡಿ, ಉಳಿದ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರೆ ಕೆಲಸ ಮುಗಿಯಿತು. ತರಕಾರಿ ಘಟ್ಟದ ಮೇಲಿನಿಂದ ಬರುತ್ತದೆ. ಮಳೆನೀರು ಕೆಳಮನೆಯವರ ಪಾಲಾಗುತ್ತದೆ. 2025ರ ಮೇ 30ರಂದು ಉಳ್ಳಾಲ ತಾಲ್ಲೂಕಿನ ಮೊಂಟೆಪದವಿನಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡರು. ಆ ಬಳಿಕವಾದರೂ ಇಳಿಜಾರಿನೊಡನೆ ಬಾಳುವ ಬಗೆಯನ್ನು ನಾವು ಯೋಚಿಸಬೇಕಿದೆ.

ಲೆಕ್ಕ ಸರಳ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಈ ನೆಲದಲ್ಲಿ ಐದು ಸೆಂಟ್ಸ್, ಅಂದರೆ ಸುಮಾರು 200 ಚದರ ಮೀಟರ್ ಜಾಗಕ್ಕೆ ಬೀಳುವ ನೀರು ಏಳು ಲಕ್ಷ ಲೀಟರ್. ಅದು ಓಡಿದರೆ ಮೇಲ್ಮಣ್ಣನ್ನೂ ಹೊತ್ತೊಯ್ಯುತ್ತದೆ; ನಿಧಾನಿಸಿದರೆ ಬೆಳೆ ಕೊಡುತ್ತದೆ.

ಉಪಾಯ ಹೊಸದೇನಲ್ಲ. ಗಾರೆಯವರು ಬಳಸುವ ನೀರು ತುಂಬಿದ ಕೊಳವೆಯಿಂದ ಸಮಮಟ್ಟದ ಗೆರೆ ಗುರುತಿಸಿ, ಇಳಿಜಾರಿಗೆ ಅಡ್ಡಲಾಗಿ ಕೆಂಪುಕಲ್ಲಿನ ತಗ್ಗು ಕಟ್ಟೆಗಳನ್ನು ಕಟ್ಟಿ, ಮೆಟ್ಟಿಲುಮೆಟ್ಟಿಲಾಗಿ ಮಡಿ ಮಾಡಬೇಕು. ಕಟ್ಟೆಯಂಚಿಗೆ ಮಣ್ಣು ಹಿಡಿಯುವ ಲಾವಂಚ, ಅನಾನಸು; ಮಡಿಗಳಲ್ಲಿ ಹರಿವೆ, ಬೆಂಡೆ, ಅಲಸಂಡೆ; ತೇವ ಉಳಿಯುವ ಬುಡದಲ್ಲಿ ಬಾಳೆ, ಕೆಸು. ಕೀಳುವಾಗ ಮಣ್ಣನ್ನು ಸಡಿಲಿಸುವ ಮರಗೆಣಸು ಕಡಿದಾದ ಜಾಗಕ್ಕೆ ಸಲ್ಲದು. ಗುಡ್ಡ ಕಡಿದ ಅಂಚಿನಲ್ಲಿ ಇಂಗುಗುಂಡಿಯೂ ಕೂಡದು. ನೆನೆದ ಮಣ್ಣು ತನ್ನ ಭಾರಕ್ಕೇ ಜಾರೀತು.

ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಬಾರಿ ಸೋತರೂ ಕೈಬಿಡದೆ ನೀರು ಪಡೆದು, ಅಲ್ಲೇ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪ್ರಶಸ್ತಿಗೆ ಚಪ್ಪಾಳೆ ತಟ್ಟಿದ ನಾವು ಅವರ ಪಾಠವನ್ನು ಮಾತ್ರ ಕಲಿಯಲಿಲ್ಲ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೆಂಡೆಗೆ ಇಷ್ಟೊಂದು ಶ್ರಮವೇಕೆ ಎಂದು ಕೇಳುವವರಿದ್ದಾರೆ. ಇಲ್ಲಿನ ಫಸಲು ತರಕಾರಿಯೊಂದೇ ಅಲ್ಲ. ಉಳಿದ ಮಣ್ಣು, ಬಾವಿಗಿಳಿದ ನೀರು, ಕೆಳಮನೆಯವರ ನಿಶ್ಚಿಂತ ನಿದ್ದೆಯೂ ಹೌದು. ಕಟ್ಟಡದ ಪರವಾನಗಿ ಕೊಡುವಾಗ ಸ್ಥಳೀಯ ಸಂಸ್ಥೆಗಳು ಮನೆಯ ನಕ್ಷೆಯ ಜೊತೆಗೆ ಇಳಿಜಾರಿನ ನಕ್ಷೆಯನ್ನೂ ಕೇಳಲಿ. ಗುಡ್ಡವನ್ನು ಎಷ್ಟು ಕಡಿಯಬೇಕು ಎಂಬುದಕ್ಕೆ ಮುನ್ನ, ಕಡಿಯಲೇಬೇಕೇ ಎಂಬ ಪ್ರಶ್ನೆ ಏಳಲಿ.